ಅಂಗಡಿಯ ಕಸಕ್ಕೂ ಬೆಲೆಯುಂಟು

ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನು ಮುಧೋಳ, ಜಮಖಂಡಿ ಸೀಮೆಯ ಗಾಣದವರು ಬಿಸಾಡುವುದಿಲ್ಲ. ಬಿಸಿಲಿಗೆ ಒಣಗಿದ ಆ ಸಿಪ್ಪೆಯೇ ಬೆಲ್ಲದ ಒಲೆಗೆ ಉರುವಲು. ಸಕ್ಕರೆ ಕಾರಖಾನೆಯ ಕಾಕಂಬಿಯಿಂದ ಮದ್ಯಸಾರ ಬರುತ್ತದೆ. ರಸ ಸೋಸಿದ ಮಡ್ಡಿ ಹೊಲಕ್ಕೆ ಗೊಬ್ಬರವಾಗುತ್ತದೆ. ರಬಕವಿ-ಬನಹಟ್ಟಿಯ ಮಗ್ಗದಡಿ ಬೀಳುವ ತುಂಡು ನೂಲು ಯಂತ್ರ ಒರೆಸಲು ಒದಗಬಲ್ಲದು. ಒಂದರೊಡನೊಂದು ಬೆರೆಯದೆ ಉಳಿದುದರಿಂದಲೇ ಇವಕ್ಕೆ ಈ ಬೆಲೆ.

ಶ್ರೋತೃಗಳೇ, ಈ ವಿವೇಕ ಪೇಟೆಯ ಅಂಗಡಿಗಳಲ್ಲಿ ಏಕೆ ಮರೆಯಾಗಬೇಕು? ಖಾನಾವಳಿಯ ಎಂಜಲು, ಕಿರಾಣಿ ಅಂಗಡಿಯ ರಟ್ಟು, ಒಡೆದ ಗಾಜು, ಪ್ಲಾಸ್ಟಿಕ್ ಚೀಲ ಒಂದೇ ಬುಟ್ಟಿಗೆ ಬಿದ್ದರೆ ರಟ್ಟು ತೊಯ್ದು ಕೆಡುತ್ತದೆ. ಎಂಜಲು ಗೊಬ್ಬರಕ್ಕೆ ಒದಗದು. ಎಂಜಲಿನ ಆಸೆಗೆ ಬಂದ ದನ ಚೀಲವನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಗಂಟಾಗಿ ಪ್ರಾಣಕ್ಕೇ ಮುಳುವಾಗುತ್ತದೆ. ಗಾಜು ಪೌರಕಾರ್ಮಿಕರ ಕೈ ಸೀಳುತ್ತದೆ. ಬೆರೆಸಲು ನಮಗೆ ಕ್ಷಣ ಸಾಕು. ಬೇರ್ಪಡಿಸಲು ಇನ್ನೊಬ್ಬರಿಗೆ ದಿನವೆಲ್ಲ ಬೇಕು.

ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕರ ಕಸಗಳನ್ನು ಹುಟ್ಟಿದೆಡೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ಅದೇ ವರ್ಷ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು.

ಅಂಗಡಿಕಾರರು ಕಸಕ್ಕೆ ಬೇರೆ ಬೇರೆ ಬುಟ್ಟಿಗಳನ್ನಿಡಲಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಗಾಜೆಂದು ಹೇಳಿಯೇ ಕಸದ ಬಂಡಿಯವರ ಕೈಗೆ ಕೊಡಲಿ. ಬೀಳಗಿಯಂಥ ಊರಿನ ಸಂತೆಯಲ್ಲಿ ಅಳಿದುಳಿದ ಕಾಯಿಪಲ್ಲೆ ರೈತರ ತಿಪ್ಪೆ ಸೇರಲಿ. ಗಿರಾಕಿಗಳಾದ ನಾವು ಬಟ್ಟೆಯ ಚೀಲವೊಂದನ್ನು ಹಿಡಿದೇ ಪೇಟೆಗೆ ಹೊರಡೋಣ. ನೇಕಾರರ ನಾಡಿನವರಿಗೆ ಅದೇನು ದುರ್ಲಭವೆ?