ಮನೆಯನ್ನೇ ಆಸ್ಪತ್ರೆ ಮಾಡೋಕೆ ಹೊರಟಾಗ

ಇಲ್ಲಿ ಕೂತಿರೋರಲ್ಲಿ ಎಷ್ಟು ಜನರ ಅಪ್ಪ-ಅಮ್ಮ ಊರಲ್ಲೇ ಇದ್ದಾರೆ? ಒಂದ್ಸಲ ಕೈ ಎತ್ತಿ. ಹೂಂ, ಹೆಚ್ಚುಕಡಿಮೆ ಎಲ್ಲರದ್ದೂ. ನಂದೂ ಅದೇ ಕಥೆ. ನಾನಿರೋದು ಇಲ್ಲೇ ಪುಣೆಯ ಹಿಂಜವಡಿಯಲ್ಲಿ, ಅವರಿರೋದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ.

ಅಪ್ಪನಿಗೆ ಸಿಒಪಿಡಿ. ವರ್ಷಗಟ್ಟಲೆ ಬೀಡಿ ಸೇದಿದ್ದು, ಅದರ ಜೊತೆ ಅಡಿಕೆ ಬೇಯಿಸೋ ಒಲೆಯ ಹೊಗೆ. ಹೋದ ಮಳೆಗಾಲದಲ್ಲಿ ಉಸಿರಾಟ ಕಷ್ಟವಾಗಿ ಶಿವಮೊಗ್ಗದಲ್ಲಿ ಎಂಟು ದಿನ ಅಡ್ಮಿಟ್ ಆಗಿದ್ರು. ಮನೆಗೆ ಕಳಿಸುವಾಗ ಡಾಕ್ಟರು ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಳ್ಳಿ, ನಿಮಿಷಕ್ಕೆ 1 ಲೀಟರ್ ಅಂತ ಬರೆದುಕೊಟ್ರು. ನಾನು ಎಂಟೆಕ್ ಮಾಡಿದವನು, ಸಾವಿರಾರು ಸರ್ವರ್‌ಗಳನ್ನ ಹಗಲು ರಾತ್ರಿ ಮಾನಿಟರ್ ಮಾಡೋ ಟೀಮಿನಲ್ಲಿರೋನು. ಅಪ್ಪ ಒಬ್ಬರನ್ನ ಮಾನಿಟರ್ ಮಾಡೋದು ಏನು ಮಹಾ ಅಂದುಕೊಂಡೆ.

ಅಮೆರಿಕದಲ್ಲಿ ಇದು ಹೊಸದೇನಲ್ಲ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬ್ರೂಸ್ ಲೆಫ್ ಮತ್ತವರ ಜೊತೆಗಾರರು 1990ರ ದಶಕದಲ್ಲೇ ವಯಸ್ಸಾದವರಿಗೆ ಮನೆಯಲ್ಲೇ ಆಸ್ಪತ್ರೆ ಮಟ್ಟದ ಚಿಕಿತ್ಸೆ ಕೊಡೋಕೆ ಶುರು ಮಾಡಿದ್ರು. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯವರ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಅಡ್ಮಿಟ್ ಆಗಲೇಬೇಕಿದ್ದ 91 ರೋಗಿಗಳಲ್ಲಿ ಕೆಲವರನ್ನ ಮನೆಗೆ ಕಳಿಸಿ ಅಲ್ಲೇ ನೋಡಿಕೊಂಡ್ರು. ಖರ್ಚು ಶೇ. 38 ಕಡಿಮೆ. ಮೂವತ್ತು ದಿನದೊಳಗೆ ಮತ್ತೆ ಅಡ್ಮಿಟ್ ಆದವರು ಆಸ್ಪತ್ರೆಯಲ್ಲಿದ್ದವರ ಪೈಕಿ ಶೇ. 23, ಮನೆಯಲ್ಲಿದ್ದವರ ಪೈಕಿ ಶೇ. 7. ಇದನ್ನೋದಿ ನನಗೆ ರೆಕ್ಕೆ ಬಂತು. ಆದರೆ ನಾನು ಓದಿದ್ದು ಅರ್ಧ. ಸೆನ್ಸರ್ ಇದ್ದ ಅರ್ಧ.

ಬ್ಲೂಟೂತ್ ಆಕ್ಸಿಮೀಟರ್ ತಂದೆ. ಹಳೇ ಆಂಡ್ರಾಯ್ಡ್ ಫೋನನ್ನ ಗೇಟ್‌ವೇ ಮಾಡಿದೆ. ಚೆಂದದ ಡ್ಯಾಶ್‌ಬೋರ್ಡ್. ಆಕ್ಸಿಜನ್ 94ಕ್ಕಿಂತ ಕೆಳಗಿಳಿದ್ರೆ ನನ್ನ ಫೋನಿಗೆ ಅಲಾರಂ. 94 ಎಲ್ಲಿಂದ ಬಂತು? ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ತಲೆಯಲ್ಲಿ ಕೂತ ನಂಬರ್ ಅದು. ಡಾಕ್ಟರನ್ನ ಕೇಳಲೇ ಇಲ್ಲ.

ಮೊದಲ ವಾರ ದಿನಾ ರಾತ್ರಿ ಅಲಾರಂ. ಫೋನ್ ಮಾಡಿದ್ರೆ ಅಮ್ಮ, "ಎಂತ ಮಾರಾಯ, ಬೆರಳು ತಣ್ಣಗಾಗಿದೆ ಅಷ್ಟೇ, ಮಲಗು" ಅಂತಿದ್ಲು. ಆನ್‌ಕಾಲ್ ಮಾಡಿದವರಿಗೆ ಈ ಕಾಟ ಗೊತ್ತಿರುತ್ತೆ.

ಒಂದು ರಾತ್ರಿ 2:40ಕ್ಕೆ 87 ತೋರಿಸ್ತು. ಈ ಸಲ ಬೆರಳು ಬೆಚ್ಚಗೇ ಇತ್ತು. ನಾನು ಅಮ್ಮನಿಗೆ, "ಗುಂಡಿ ತಿರುಗಿಸಿ ನಾಲ್ಕಕ್ಕೆ ಇಡು" ಅಂದೆ.

"ಡಾಕ್ಟ್ರು ಒಂದು ಅಂದಿದ್ರಲ್ಲ?"

"ನಾನು ನೋಡ್ತಾ ಇದೀನಲ್ಲಮ್ಮ, ಇಡು."

ಹತ್ತು ನಿಮಿಷದಲ್ಲಿ 97. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಅಮ್ಮನ ಫೋನು. "ಎಬ್ಬಿಸಿದ್ರೆ ಏಳ್ತಿಲ್ಲ ಕಣೋ. ಕಣ್ಣು ಬಿಡ್ತಾರೆ, ಮತ್ತೆ ಮುಚ್ತಾರೆ." ನಾನು ಏನು ಮಾಡಿದೆ ಗೊತ್ತಾ? ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ. 97. "ನಂಬರ್ ಚೆನ್ನಾಗಿದೆ ಅಮ್ಮ, ರಾತ್ರಿ ನಿದ್ದೆ ಕೆಟ್ಟಿದೆಯಲ್ಲ, ಮಲಗಲಿ ಬಿಡು" ಅಂದೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಲಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಹಾಕಿಕೊಂಡು ಹೊರಟುಬಿಟ್ಲು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ್ರೆ ಕಾರ್ಬನ್ ಡೈಆಕ್ಸೈಡ್ ವಿಪರೀತ ಏರಿತ್ತು. ಎರಡು ದಿನ ಬೈಪ್ಯಾಪ್ ಮಾಸ್ಕ್ ಹಾಕಿದ್ರು. ಅಪ್ಪ ಉಳಿದ್ರು.

ಆಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದ್ರು. ಆಕ್ಸಿಮೀಟರ್ ಕೆಂಪು ಮತ್ತು ಇನ್ಫ್ರಾರೆಡ್ ಬೆಳಕನ್ನ ಬೆರಳಲ್ಲಿ ಹಾಯಿಸಿ, ಹಿಮೋಗ್ಲೋಬಿನ್ ಎಷ್ಟು ಆಕ್ಸಿಜನ್ ಹೊತ್ತಿದೆ ಅಂತ ಮಾತ್ರ ಅಂದಾಜು ಮಾಡುತ್ತೆ. ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಕಾಣೋದೇ ಇಲ್ಲ. ಅಪ್ಪನಂಥ ಕೆಲವು ಸಿಒಪಿಡಿ ರೋಗಿಗಳಿಗೆ ಆಕ್ಸಿಜನ್ ಹೆಚ್ಚು ಕೊಟ್ರೆ ಆ ಗಾಳಿ ಒಳಗೇ ಶೇಖರವಾಗಿ ಮಂಪರು ಬರುತ್ತೆ. ಅದಕ್ಕೇ ಅವರಿಗೆ ಇರಬೇಕಾದ್ದು 88ರಿಂದ 92. ಅಂದ್ರೆ ಆ ರಾತ್ರಿ ಅಪ್ಪ ಬರೀ ಒಂದು ಪಾಯಿಂಟ್ ಕೆಳಗಿದ್ರು. ನಾನು ಹಸಿರು ಬಣ್ಣ ಹಚ್ಚಿದ್ದ ಜಾಗವೇ ಅವರಿಗೆ ಅಪಾಯದ ಜಾಗವಾಗಿತ್ತು.

ಆಗ ಓದದೇ ಬಿಟ್ಟ ಅರ್ಧ ಓದಿದೆ. 2020ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಇಂಥ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡೋಕೆ ಒಪ್ಪಿದಾಗ ಹಾಕಿದ ಷರತ್ತುಗಳಿವೆ. ದಿನಕ್ಕೆ ಎರಡು ಸಲ ನರ್ಸೋ ತರಬೇತಾದ ಪ್ಯಾರಾಮೆಡಿಕ್ಕೋ ಮನೆಗೆ ಬರಬೇಕು. ಡಾಕ್ಟರು ಅಥವಾ ಅವರಷ್ಟೇ ಜವಾಬ್ದಾರಿ ಇರೋರು ದಿನಾ ನೋಡಬೇಕು, ವಿಡಿಯೋದಲ್ಲಾದ್ರೂ ಸರಿ. ತುರ್ತು ಬಂದ್ರೆ 30 ನಿಮಿಷದೊಳಗೆ ಜನ ಬಂದು ನಿಲ್ಲಬೇಕು. ನಮ್ಮ ಮಳೆಗಾಲದ ರಸ್ತೆಯಲ್ಲಿ 30 ನಿಮಿಷಕ್ಕೆ ಮೇನ್ ರೋಡು ಸಿಕ್ಕಿದ್ರೆ ಹೆಚ್ಚು. ನಮ್ಮನೆಯಲ್ಲಿದ್ದ ನರ್ಸ್ ಅಂದ್ರೆ 63 ವರ್ಷದ ಅಮ್ಮ. ಶಿಫ್ಟ್ ಬದಲಾಗಲ್ಲ, ರಜೆ ಇಲ್ಲ, ಯಾರೂ ಏನೂ ಕಲಿಸಿಲ್ಲ. ಅವಳಿಗೂ ಡಾಕ್ಟರಿಗೂ ನಡುವೆ ನಾನು ಹೋಗಿ ನಿಂತಿದ್ದೆ, ಐದಾರು ನೂರು ಕಿಲೋಮೀಟರ್ ದೂರದಿಂದ.

ಸೆಟಪ್ ಕಿತ್ತು ಹಾಕಿಲ್ಲ. ಈಗ 92 ದಾಟಿದ್ರೂ ಅಲಾರಂ ಹೊಡೆಯುತ್ತೆ. ಡೇಟಾ ಬರೋದು ನಿಂತ್ರೂ ಹೊಡೆಯುತ್ತೆ, ಯಾಕಂದ್ರೆ ನಮ್ಮಲ್ಲಿ ಮಳೆ ಜೋರಾದ್ರೆ ಮೊದಲು ಕರೆಂಟು, ಆಮೇಲೆ ಟವರ್ ಹೋಗುತ್ತೆ. ಅದಕ್ಕೇ ಒಂದು ಸಿಲಿಂಡರ್ ಮೂಲೆಯಲ್ಲಿ ತುಂಬಿಸಿಟ್ಟಿದ್ದೀವಿ. ತೀರ್ಥಹಳ್ಳಿಯ ರಿಟೈರ್ಡ್ ನರ್ಸ್ ಒಬ್ಬರು ದಿನಾ ಸಂಜೆ ಬರ್ತಾರೆ, ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ. ನನ್ನ ಸಾಫ್ಟ್‌ವೇರಿಗಿಂತ ಆ ದುಡ್ಡು ಹೆಚ್ಚು ಕೆಲಸ ಮಾಡ್ತಿದೆ. ಅಪ್ಪನ ಉಸಿರು ಎಣಿಸೋದು, ಮಾತು ತೊದಲುತ್ತಾ ನೋಡೋದು, ಇದನ್ನೆಲ್ಲ ಅವರು ಅಮ್ಮನಿಗೂ ಕಲಿಸಿದ್ದಾರೆ. ಅಲಾರಂ ಮೊದಲು ಹೋಗೋದು ಅವರಿಬ್ಬರಿಗೆ, ಆಮೇಲೆ ನನಗೆ.

ಕಾನ್ಸಂಟ್ರೇಟರ್ ಮೇಲೆ 1ರ ಗೆರೆಯ ಪಕ್ಕ ಅಮ್ಮ ತನ್ನ ಹಣೆಯ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾಳೆ. ಗೋಡೆ ಮೇಲೆ ಅವಳದೇ ಅಕ್ಷರದಲ್ಲಿ ಒಂದು ಚೀಟಿ ಇದೆ. ಮೂರನೇ ಸಾಲು, "ಡಾಕ್ಟ್ರು ಹೇಳದೆ ಗುಂಡಿ ಮುಟ್ಟಬಾರದು, ಮಗ ಹೇಳಿದ್ರೂ."

ಪ್ರಶ್ನೆಗಳಿದ್ರೆ ಕೇಳಿ. ಫೋನ್ ಆನ್ ಇಟ್ಟಿದ್ದೀನಿ, ಊರಿಂದ ಬಂದ್ರೆ ಮಧ್ಯದಲ್ಲಿ ಎತ್ತಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.