ಹೊತ್ತು ಮೀರಿದ ಮೇಲೆ



ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ದಾರಿಯಲ್ಲಿರುವ ನಮ್ಮ ಅಳದಂಗಡಿಯಲ್ಲಿ ಸೊಂಟನೋವು ಕಾಣದ ಮನೆ ಅಪರೂಪ. ಅಡಿಕೆ ಹೆಕ್ಕುವುದು, ಗೊಬ್ಬರ ಹೊರುವುದು, ಮರವೇರುವುದು, ಎಲ್ಲಕ್ಕೂ ಬೆನ್ನೇ ಆಧಾರ. ಆದುದರಿಂದ ನನ್ನ ಅಕ್ಕನ ಮಗ ಸೊಂಟ ಹಿಡಿದಿದೆ ಎಂದಾಗ ನಾವಾರೂ ಗಾಬರಿಗೊಳ್ಳಲಿಲ್ಲ. ಎಣ್ಣೆ ತಿಕ್ಕಿ ಶಾಖ ಕೊಟ್ಟೆವು. ಮೂರನೆಯ ದಿನ ನೋವು ಎರಡೂ ಕಾಲುಗಳಿಗೆ ಇಳಿಯಿತು. ಸಂಜೆಗೆ ಮೂತ್ರ ಕಟ್ಟಿತು. ಆಸ್ಪತ್ರೆಯೊಂದರಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ನಾಳೆ ನೋಡೋಣವೆಂದರು. ಆ ನಾಳೆ ಬರಲು ಎರಡು ದಿನ ಹಿಡಿಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯೇನೋ ಆಯಿತು. ಅವನೀಗ ಊರುಗೋಲಿನಲ್ಲಿ ನಡೆಯುತ್ತಾನೆ. ಮೂತ್ರಕ್ಕೆ ಮಾತ್ರ ಇಂದಿಗೂ ನಳಿಕೆಯೇ ಗತಿ.

ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲೊಂದು ಕುದುರೆಯ ಬಾಲದಂತೆ ಇಳಿದಿರುತ್ತದೆ. ಕಾಲುಗಳಿಗೂ ಮಲಮೂತ್ರಗಳ ಹಿಡಿತಕ್ಕೂ ಬೇಕಾದ ನರಗಳು ಅವು. ಕಶೇರುಗಳ ನಡುವಣ ಮೆತ್ತೆ ಜಾರಿ ಈ ಗೊಂಚಲನ್ನು ಒತ್ತಿದರೆ ಎಂ.ಆರ್.ಐ. ಪರೀಕ್ಷೆ ನಡೆಸಿ, ಆದಷ್ಟು ಬೇಗ ಒತ್ತಡವನ್ನು ಬಿಡಿಸಬೇಕು. ಇಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಎರಡೂ ಕಾಲುಗಳಲ್ಲಿ ನೋವು, ಮೂತ್ರ ಕಟ್ಟುವುದು, ಮಲದ ಹಿಡಿತ ತಪ್ಪುವುದು, ಕುಳಿತಾಗ ಪೀಠಕ್ಕೆ ತಾಗುವ ಭಾಗದಲ್ಲಿ ಸ್ಪರ್ಶವೇ ತಿಳಿಯದಿರುವುದು ಇದರ ಎಚ್ಚರಿಕೆಗಳು.

ಇಂಥ ವಿಳಂಬಕ್ಕೆ ಪರಿಹಾರ ಕೇಳಬಹುದೆ? ಕೇಳಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ವೈದ್ಯರ ಸೇವೆಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿತು. ಅದರ ಸ್ಥಾನದಲ್ಲಿ ಈಗ 2019ರ ಕಾಯಿದೆಯಿದೆ. ದೂರಿಗೆ ಎರಡು ವರ್ಷಗಳ ಅವಧಿ. ಎಲ್ಲರಿಗೂ ಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬಾರದು. ಅಲ್ಲಿ ಸಿವಿಲ್ ನ್ಯಾಯಾಲಯವೇ ದಾರಿ. ಆದರೆ ಫಲ ಕೆಟ್ಟಿತೆಂದ ಮಾತ್ರಕ್ಕೆ ನಿರ್ಲಕ್ಷ್ಯ ಸಿದ್ಧವಾಗುವುದಿಲ್ಲ. ವಿವೇಕಿಯಾದ ಸಾಮಾನ್ಯ ವೈದ್ಯನು ಮಾಡಬೇಕಾದುದನ್ನು ಮಾಡಲಿಲ್ಲವೆಂದೂ, ಹಾನಿಯಾದುದು ಆ ವಿಳಂಬದಿಂದಲೇ ಎಂದೂ ತೋರಿಸಬೇಕು. ಎರಡನೆಯದೇ ಕಠಿನವಾದ ಗಂಟು. ನರ ಮೊದಲೇ ಸತ್ತಿತ್ತೆಂದು ಎದುರು ಪಕ್ಷ ವಾದಿಸಬಹುದಷ್ಟೆ.

ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 1990ರಲ್ಲಿ ಎದೆಯ ಗಡ್ಡೆಯ ಶಸ್ತ್ರಚಿಕಿತ್ಸೆಯಾದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಕಾಲುಗಳ ಸ್ವಾಧೀನ ತಪ್ಪಿತು. ಅದು ವಿಳಂಬದ ಪ್ರಕರಣವಲ್ಲ. ಸರಿಯಾದ ಒಪ್ಪಿಗೆ ಪಡೆಯದಿದ್ದುದು, ನರಶಸ್ತ್ರಜ್ಞರು ಜೊತೆಗಿಲ್ಲದಿದ್ದುದು ಅಲ್ಲಿನ ಲೋಪಗಳು. ಸರ್ವೋಚ್ಚ ನ್ಯಾಯಾಲಯ ಒಂದು ಕೋಟಿ ರೂಪಾಯಿ ಪರಿಹಾರ ವಿಧಿಸಿದುದು 2009ರಲ್ಲಿ. ನ್ಯಾಯ ಬಂತು, ಹತ್ತೊಂಬತ್ತು ವರ್ಷಗಳ ನಂತರ!

ನಾವು ವಕೀಲರಲ್ಲಿಗೆ ಹೋದಾಗ ಅವರು ಕೇಳಿದುದು ಒಂದೇ ಪ್ರಶ್ನೆ: ‘ಮರಗಟ್ಟಿದ್ದು ಯಾವಾಗ? ಯಾರಿಗೆ ಹೇಳಿದಿರಿ?’ ಚೀಟಿಯಲ್ಲಿದ್ದುದು ‘ಸೊಂಟನೋವು’ ಎಂದಷ್ಟೆ. ಆಗ ಅಳಿಯ ತಲೆತಗ್ಗಿಸಿ, ‘ಮೊದಲ ದಿನವೇ ಗೊತ್ತಾಗಿತ್ತು ಮಾವ. ಅಮ್ಮ ಪಕ್ಕದಲ್ಲಿದ್ದರು, ಹೇಗೆ ಹೇಳುವುದು?’ ಎಂದ.

ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನು ನಾನು. ನಮ್ಮ ಮನೆಯ ಹುಡುಗನಿಗೆ ತನ್ನ ದೇಹದ ಒಂದು ಭಾಗವನ್ನು ಹೆಸರಿಸಲು ಮಾತಿರಲಿಲ್ಲ. ವೈದ್ಯರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಜೊತೆಗಿದ್ದ ನಾನೂ ವಿಚಾರಿಸಲಿಲ್ಲ. ಕೇಳಬೇಕಾದುದು ವೈದ್ಯರ ಕರ್ತವ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗೆಂದು ನನ್ನ ಪಾಲು ಅಳಿಸಿಹೋಗುವುದೆ?

ಆದುದರಿಂದ ನನ್ನ ಬಿನ್ನಹವಿಷ್ಟೆ. ನಾಚಿಕೆ ಬಿಟ್ಟು ಹೇಳಿ. ಹೇಳಿದ್ದನ್ನು ಗಂಟೆಸಹಿತ ಬರೆಯಿಸಿ. ಕೋರಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವುಂಟು, ಕೇಳಿ ಪಡೆಯಿರಿ. ದಾವೆ ಗೆದ್ದರೂ ಸತ್ತ ನರ ಚಿಗುರದು. ಹೊತ್ತಿಗೆ ಆಡಿದ ಒಂದು ಮಾತು ಅದನ್ನು ಉಳಿಸೀತು.



(ಆಕಾಶವಾಣಿ ಭಾಷಣ)