ಕಚೇರಿಯ ಲೆಕ್ಕದ ಯಂತ್ರವೂ ಗುಪ್ತಪದವೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಮಾತಾಡಲು ಕರೆದಾಗ ವಿಷಯವನ್ನೂ ತಾವೇ ಕೊಟ್ಟರು. ನಾವು ಮ್ಯಾಟ್ರಿಕ್ ತನಕ ಓದಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತಿಕೆ ಹಿಡಿದವರು, ಯಂತ್ರಶಾಸ್ತ್ರದ ಪಂಡಿತರಲ್ಲ. ಆದರೆ ಪಗಾರದ ಪಟ್ಟಿ, ಹಾಜರಿ, ಸರಕಿನ ಲೆಕ್ಕ ಎಲ್ಲವೂ ಈಗ ಕಂಪ್ಯೂಟರಿನ ಹೊಟ್ಟೆಯೊಳಗೆ ಸೇರಿಕೊಂಡಿರುವುದರಿಂದ, ದಿನಕ್ಕೆ ಹತ್ತು ಸಲ ಅದು ಗುಪ್ತಪದ ಕೇಳುವುದೂ ನಾವು ಕೊಡುವುದೂ ನಡೆದು ನಡೆದು ಸ್ವಲ್ಪ ಅನುಭವ ಬಂದಿದೆ. ಈ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ನಮ್ಮ ಸ್ವಯಂಸೇವಕರಲ್ಲಿಯೂ ಗೊಣಗಾಟ ಎದ್ದಿದೆ. “ಒಮ್ಮೆ ಹೇಳಿದರೆ ಅದಕ್ಕೆ ಸಾಲದೆ? ಆ ಪಾಸ್‌ವರ್ಡನ್ನೇ ತೆಗೆದುಬಿಡಿ, ಇಲ್ಲವೇ ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿಬಿಡಿ” ಎನ್ನುತ್ತಾರೆ.

ತೆಗೆಯಬಾರದು, ಅಂಟಿಸಲೂಬಾರದು ಎಂದು ಹೇಳಿ ಕುಳಿತುಕೊಂಡರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆದರೆ ಏಕೆ ಎಂದು ತಿಳಿಯದ ನಿಯಮವನ್ನು ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಪಾಲಿಸುವುದಿಲ್ಲ.

ಗುಪ್ತಪದವೆಂದರೆ ಕಳ್ಳನನ್ನು ಹೊರಗಿಡುವ ಬೀಗ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ಮಾತು. ಒಳಗೆ ಬಂದವರು ಯಾರು, ಬಂದು ಏನು ಬರೆದರು ಎಂಬುದಕ್ಕೆ ಹೆಸರು ಹಚ್ಚುವುದು ಉಳಿದರ್ಧ. ಗಿರಣಿಯ ಹಾಜರಿ ಪುಸ್ತಕವನ್ನು ನೆನೆಯಿರಿ. ಬದಲಿ ಕೆಲಸಗಾರನು ಇನ್ನೊಬ್ಬನ ಮಗ್ಗದ ಮೇಲೆ ದುಡಿದರೂ ಹಾಜರಿ ಅವನ ಸ್ವಂತ ಹೆಸರಿನಲ್ಲಿಯೇ ಬೀಳಬೇಕು. ಇಲ್ಲವಾದರೆ ಬೆವರು ಅವನದು, ಪಗಾರ ಬೇರೆಯವನದು. ಲಾಲಬಾಗ್, ಪರೇಲ್ ಕಡೆಯ ಗಿರಣಿ ಕೆಲಸಗಾರರಿಗೆ ಮ್ಹಾಡಾದವರು ಮನೆಗಳನ್ನು ಚೀಟಿಯೆತ್ತಿ ಹಂಚುವಾಗ, ಹಳೆಯ ಗುರುತಿನ ಚೀಟಿ, ಪ್ರಾವಿಡೆಂಟ್ ಫಂಡಿನ ಸಂಖ್ಯೆ ಮುಂತಾದ ಕಾಗದಗಳನ್ನು ಹುಡುಕಿಕೊಂಡು ಎಷ್ಟು ಮುದುಕರು ಅಲೆದರೆಂಬುದನ್ನು ಇಲ್ಲಿರುವ ಹಲವರು ಕಂಡಿದ್ದೀರಿ. ದಫ್ತರದಲ್ಲಿ ಸರಿಯಾದ ಹೆಸರು ಇರುವುದು ಬಡವನಿಗೆ ಎಷ್ಟು ದೊಡ್ಡ ಆಸ್ತಿ ಎಂದು ಆಗ ಗೊತ್ತಾಗುತ್ತದೆ.

ನಾವು ಹೆಸರು ಹೇಳದ ಒಂದು ಕಚೇರಿ. ಅಲ್ಲಿ ಐದು ಮಂದಿ ಗುಮಾಸ್ತರು. ಐವರಿಗೂ ಸೇರಿ ಯಂತ್ರದಲ್ಲಿ ‘ಅಕೌಂಟ್ಸ್’ ಎಂಬ ಒಂದೇ ಹೆಸರು, ಒಂದೇ ಗುಪ್ತಪದ. ಒಂದು ತಿಂಗಳು ಪಗಾರದ ಪಟ್ಟಿ ತೆಗೆದಾಗ ಕೆಲವರ ಮುಂಗಡದ ಕಡಿತ ಕಾಣಲಿಲ್ಲ, ಯಾರೋ ಅಳಿಸಿದ್ದರು. ಕೈತಪ್ಪೋ, ಬೇಕೆಂದು ಮಾಡಿದ್ದೋ ತಿಳಿಯದು. ಯಂತ್ರವನ್ನು ಕೇಳಿದರೆ ಅದು ‘ಅಕೌಂಟ್ಸ್ ಮಾಡಿದ್ದು’ ಎಂದಿತು. ಆಗ ಎಲ್ಲರ ಕಣ್ಣು ಹೋದದ್ದು ಯಾರ ಮೇಲೆ? ಸೇರಿ ಮೂರು ತಿಂಗಳಾಗಿದ್ದ, ಸಂಜೆ ಎಲ್ಲರಿಗಿಂತ ತಡವಾಗಿ ಕುಳಿತಿರುತ್ತಿದ್ದ, ಊರಿನಿಂದ ಹೊಸದಾಗಿ ಬಂದಿದ್ದ ಹುಡುಗನ ಮೇಲೆ. ಅವನು ಮಾಡಿದನೆಂದು ಯಾರೂ ತೋರಿಸಿಕೊಡಲಿಲ್ಲ. ತಾನು ಮಾಡಿಲ್ಲವೆಂದು ತೋರಿಸಿಕೊಡಲು ಅವನಿಗೂ ದಾರಿ ಇರಲಿಲ್ಲ. ಸಾಹೇಬರು ಕೆಲಸದಿಂದ ತೆಗೆಯಲಿಲ್ಲ, ನಿಜ. ಆದರೆ ಚಹಾದ ಹೊತ್ತಿಗೆ ಅವನನ್ನು ಕರೆಯುವವರು ಇಲ್ಲವಾದರು. ಎರಡು ತಿಂಗಳಲ್ಲಿ ಅವನೇ ಬಿಟ್ಟುಹೋದ. ಅವನಿಗೆ ಬೇರೆ ಹೆಸರು, ಬೇರೆ ಗುಪ್ತಪದ ಇದ್ದಿದ್ದರೆ ಆ ಐದು ನಿಮಿಷದ ಲೆಕ್ಕವನ್ನು ಯಂತ್ರವೇ ಹೇಳಿಬಿಡುತ್ತಿತ್ತು.

ಈ ರೋಗ ಗುಪ್ತಪದದಷ್ಟೇ ಹಳೆಯದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೬೦ರ ದಶಕದ ಆರಂಭಕ್ಕೆ ಕಾರ್ಬಟೋ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲಕ್ಕೆ ಬಳಸುವ ಏರ್ಪಾಟು ಮಾಡಿದರು. ಒಬ್ಬರ ಕಡತವನ್ನು ಮತ್ತೊಬ್ಬರು ಮುಟ್ಟದಿರಲೆಂದು ಗುಪ್ತಪದ ಇಟ್ಟರು. ೧೯೬೬ರಲ್ಲಿ ಅಲ್ಲೊಂದು ತಮಾಷೆ ನಡೆಯಿತು. ಯಂತ್ರ ನೋಡಿಕೊಳ್ಳುವ ಮೇಲ್ವಿಚಾರಕರು ಮಾತ್ರ ತಮಗೆ ಒಂದೇ ಸ್ಥಳ ಸಾಕೆಂದು ಹಂಚಿಕೊಂಡಿದ್ದರು. ಇಬ್ಬರು ಒಂದೇ ಹೊತ್ತಿನಲ್ಲಿ ಕುಳಿತು ಒಬ್ಬರು ದಿನದ ಪ್ರಕಟಣೆಯನ್ನೂ, ಇನ್ನೊಬ್ಬರು ಗುಪ್ತಪದಗಳ ಪಟ್ಟಿಯನ್ನೂ ತಿದ್ದತೊಡಗಿದರು. ಇಬ್ಬರ ತಾತ್ಕಾಲಿಕ ಕಡತಕ್ಕೂ ಯಂತ್ರ ಒಂದೇ ಹೆಸರಿಟ್ಟಿತು. ಎರಡೂ ಅದಲುಬದಲಾದವು. ಆಮೇಲೆ ಒಳಗೆ ಬಂದವರಿಗೆಲ್ಲ ಪ್ರಕಟಣೆಯ ಬದಲು ಊರಿನವರೆಲ್ಲರ ಗುಪ್ತಪದಗಳು ಪುಕ್ಕಟೆಯಾಗಿ ಕಾಣಿಸಿದವು! ಬೀಗವೇನೋ ಗಟ್ಟಿಯಾಗಿಯೇ ಇತ್ತು. ಬೀಗ ಮಾಡಿದವರು ತಮ್ಮತಮ್ಮಲ್ಲಿ ಒಂದೇ ಕೋಣೆ ಹಂಚಿಕೊಂಡದ್ದರಿಂದ ಕೆಟ್ಟಿತು.

ಅಷ್ಟು ದೂರ ಹೋಗುವುದೇಕೆ, ನಮ್ಮ ಫೋರ್ಟಿಗೇ ಬರೋಣ. ವೀರ ನರೀಮನ್ ರಸ್ತೆಯ ಬ್ರೇಡಿ ಹೌಸಿನಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಯ ಸುದ್ದಿ ೨೦೧೮ರ ಫೆಬ್ರುವರಿಯಲ್ಲಿ ಹೊರಬಿದ್ದಾಗ ಬ್ಯಾಂಕು ಹೇಳಿದ ಮೊತ್ತವೇ ಸುಮಾರು ೧೧,೪೦೦ ಕೋಟಿ ರೂಪಾಯಿ. ಆಮೇಲೆ ಅದು ಇನ್ನೂ ಏರಿತು. ವಜ್ರದ ವ್ಯಾಪಾರಿಗಳ ಸಾಲಕ್ಕೆ ಈ ಬ್ಯಾಂಕು ಜಾಮೀನು ಎಂಬ ಸಂದೇಶಗಳು ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ತಂತಿಯ ಮೂಲಕ ಪರದೇಶದ ಶಾಖೆಗಳಿಗೆ ಹೋಗಿದ್ದವು. ಬ್ಯಾಂಕಿನ ಸ್ವಂತ ಲೆಕ್ಕದ ಯಂತ್ರದಲ್ಲಿ ಅವುಗಳ ದಾಖಲೆಯೇ ಇರಲಿಲ್ಲ. ಸಂದೇಶ ಬರೆಯುವವನು ಒಬ್ಬ, ತಾಳೆ ನೋಡುವವನು ಇನ್ನೊಬ್ಬ ಎಂಬುದು ನಿಯಮ. ಆ ನಿಯಮವನ್ನು ಕಾಯುವುದು ಗುಪ್ತಪದ ಒಂದೇ. ಅದು ಕೈಯಿಂದ ಕೈಗೆ ದಾಟಿತ್ತೆಂದು ತನಿಖೆಯವರ ಆರೋಪ. ತೀರ್ಮಾನ ಕೋರ್ಟಿಗೆ ಸೇರಿದ್ದು, ನಮಗಲ್ಲ. ಎರಡು ಯಂತ್ರಗಳನ್ನೂ ಜೋಡಿಸಲೇಬೇಕೆಂದು ರಿಸರ್ವ್ ಬ್ಯಾಂಕು ೨೦೧೮ರ ಏಪ್ರಿಲ್ ೩೦ರ ಗಡುವು ಹಾಕಿತು. ಇಬ್ಬರು ನೋಡಬೇಕೆಂದು ಇಟ್ಟ ಕೆಲಸದಲ್ಲಿ ಒಬ್ಬನಿಗೇ ಎರಡೂ ಕೀಲಿಕೈ ಸಿಕ್ಕಿದರೆ, ಎರಡನೆಯವನು ಇದ್ದೂ ಇಲ್ಲದಂತೆಯೇ.

ಇನ್ನು ಗೊಣಗಾಟದ ವಿಷಯ. ಯಂತ್ರ ಮತ್ತೆ ಮತ್ತೆ ಕೇಳುವುದೇಕೆ? ನಮ್ಮ ಮೇಜಿನ ಮೇಲೆ ಕಾಣುವುದು ಬರೇ ಫಾರಂ. ನಿಜವಾದ ಲೆಕ್ಕದ ಉಗ್ರಾಣ ಬೇರೆ ಕಡೆ, ಸರ್ವರ್ ಎಂಬ ಯಂತ್ರದಲ್ಲಿ ಇರುತ್ತದೆ. ಬೆಳಿಗ್ಗೆ ಯಂತ್ರ ತೆರೆಯುವಾಗ ಬಾಗಿಲಿನವನು ಒಮ್ಮೆ ಕೇಳುತ್ತಾನೆ. ಉಗ್ರಾಣಕ್ಕೆ ಹೋದಾಗ ಅಲ್ಲಿಯವನು ಮತ್ತೆ ಕೇಳುತ್ತಾನೆ. ಇವರಿಬ್ಬರಿಗೂ ಪರಿಚಯವಿಲ್ಲ, ಅದೇ ತೊಂದರೆ. ಹಲವು ಕಚೇರಿಗಳಲ್ಲಿ ಇದಕ್ಕೆ ಸುಲಭದ ಮದ್ದು ಮಾಡುತ್ತಾರೆ. ಮೈಕ್ರೋಸಾಫ್ಟಿನ ಆಕ್ಸೆಸ್ ಎಂಬ ತಂತ್ರದಲ್ಲಿ ಉಗ್ರಾಣದ ಪಟ್ಟಿಯನ್ನು ಜೋಡಿಸುವಾಗ ‘ಗುಪ್ತಪದವನ್ನು ಉಳಿಸಿಕೊಳ್ಳಲೇ?’ ಎಂಬ ಒಂದು ಚೌಕ ಬರುತ್ತದೆ. ಅದರಲ್ಲಿ ಗುರುತು ಹಾಕಿದರೆ ಮತ್ತೆ ಕೇಳುವುದಿಲ್ಲ. ಆದರೆ ಗುಪ್ತಪದವು ಮುಚ್ಚುಮರೆಯಿಲ್ಲದೆ ಆ ಕಡತದೊಳಗೇ ಕುಳಿತಿರುತ್ತದೆ. ಕಡತವನ್ನು ನಕಲು ಮಾಡಿಕೊಂಡವನಿಗೆ ಉಗ್ರಾಣವೇ ಸಿಕ್ಕಂತೆ. ಗೋಡೆಗೆ ಅಂಟಿಸಿದ ಚೀಟಿ ಕಣ್ಣಿಗಾದರೂ ಬೀಳುತ್ತದೆ, ಇದು ಅದೂ ಇಲ್ಲ.

ಒಳ್ಳೆಯ ಏರ್ಪಾಟೆಂದರೆ ಇಬ್ಬರು ಕಾವಲುಗಾರರಿಗೂ ಪರಿಚಯ ಮಾಡಿಸುವುದು. ಬೆಳಿಗ್ಗೆ ನೀವು ವಿಂಡೋಸಿಗೆ ಕೊಟ್ಟ ಗುರುತನ್ನೇ ಸರ್ವರ್ ಒಪ್ಪಿಕೊಳ್ಳುವಂತೆ ಮಾಡಬಹುದು. ಆಗ ಎರಡನೆಯ ಪ್ರಶ್ನೆಯೇ ಏಳುವುದಿಲ್ಲ, ನಿಮ್ಮ ಹೆಸರೂ ಉಳಿಯುತ್ತದೆ. ನಿಮ್ಮ ಕಚೇರಿಯ ಯಂತ್ರ ನೋಡಿಕೊಳ್ಳುವವರನ್ನು ಇದೊಂದು ಮಾತು ಕೇಳಿ. ಅವರಿಗೆ ಅರ್ಧ ದಿನದ ಕೆಲಸ, ನಿಮಗೆ ವರ್ಷಗಳ ನೆಮ್ಮದಿ. ಊಟಕ್ಕೆ ಏಳುವಾಗ ಪರದೆ ಮುಚ್ಚುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ಆಮೇಲೆ ಆ ಕುರ್ಚಿಯಲ್ಲಿ ಕುಳಿತವರೆಲ್ಲ ನೀವೇ.

ಸಣ್ಣ ಕಚೇರಿಗಳಲ್ಲಿ ಸರ್ವರ್ ಇರುವುದಿಲ್ಲ, ಟ್ಯಾಲಿ ಇರುತ್ತದೆ. ಅದರಲ್ಲಿಯೂ ಒಬ್ಬೊಬ್ಬರಿಗೆ ಬೇರೆ ಹೆಸರು ಕೊಡಬಹುದು, ಮಾಡುವವರು ಕಡಿಮೆ. ೨೦೨೩ರ ಏಪ್ರಿಲ್ ೧ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಿನಾಂಕ ಸಹಿತ ಉಳಿಸಿಕೊಳ್ಳಬೇಕೆಂದು ಸರ್ಕಾರದ ನಿಯಮ. ಐವರೂ ಒಂದೇ ಹೆಸರಿನಲ್ಲಿ ಬರೆದರೆ ಆ ಜಾಡಿನಿಂದ ಏನು ಪ್ರಯೋಜನ? ದಿನಾಂಕ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಮತ್ತೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ತಿಂಗಳಿಗೊಮ್ಮೆ ಬದಲಿಸಬೇಕೆಂಬ ಹಟವೂ ಬೇಡ. ಹಾಗೆ ಒತ್ತಾಯಿಸಿದರೆ ಜನ ‘ಗಣೇಶ ೧’, ‘ಗಣೇಶ ೨’ ಎಂದು ಮುಂದುವರಿಯುತ್ತಾರೆ. ಡಿಸೆಂಬರಿನಲ್ಲಿ ಏನಿರುತ್ತದೆಂದು ಮಗುವೂ ಹೇಳೀತು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯೇ ೨೦೧೭ರಲ್ಲಿ, ಸೋರಿಹೋದ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು, ಉದ್ದವಾಗಿರಲಿ ಎಂದು ಸಲಹೆಯನ್ನು ತಿದ್ದಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಶಬ್ದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಉದ್ದವೂ ಆಯಿತು, ನೆನಪಿಗೂ ಸುಲಭ. ಅಜ್ಜಿ ಹೇಳುತ್ತಿದ್ದ ಅಡಿಗೆಯ ಶಬ್ದಗಳು ಒಳ್ಳೆಯವು.

ಇನ್ನೊಂದು ಮಾತನ್ನು ಹೋಟೆಲಿನಲ್ಲಿ ದುಡಿಯುವ ಹುಡುಗರು ಗಮನಿಸಬೇಕು. ಸರಿಯಾದ ಯಂತ್ರವು ನಿಮ್ಮ ಗುಪ್ತಪದವನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಗೋಧಿಯನ್ನು ಬೀಸಿ ಹಿಟ್ಟು ಮಾಡಿ ಇಡುತ್ತದೆ. ಹಿಟ್ಟಿನಿಂದ ಗೋಧಿಯನ್ನು ಮರಳಿ ತೆಗೆಯಲಾಗದು. ನೀವು ಮತ್ತೆ ಬಂದಾಗ ಹೊಸ ಗೋಧಿಯನ್ನು ಬೀಸಿ ಹಿಟ್ಟಿಗೆ ಹಿಟ್ಟು ತಾಳೆ ನೋಡುತ್ತದೆ. ಆದ್ದರಿಂದ ನಿಜವಾದ ಅಧಿಕಾರಿಗೆ ನಿಮ್ಮ ಗುಪ್ತಪದ ಗೊತ್ತಿರುವುದಿಲ್ಲ, ಅವನಿಗೆ ಅದು ಬೇಕಾಗುವುದೂ ಇಲ್ಲ. ಪ್ರಾವಿಡೆಂಟ್ ಫಂಡಿನವರು, ಬ್ಯಾಂಕಿನವರು ಎಂದು ಫೋನಿನಲ್ಲಿ ಅದನ್ನು ಕೇಳುವವನು ಯಾರೆಂಬುದನ್ನು ನೀವೇ ಊಹಿಸಿಕೊಳ್ಳಿ.

ಕೊನೆಯದಾಗಿ ನಮ್ಮ ವಾಚನಾಲಯದ ಸಂಗತಿ. ಪುಸ್ತಕಗಳ ಪಟ್ಟಿಗೆ ಇಷ್ಟೊಂದು ಕಾವಲೇಕೆಂದು ಕೇಳಬಹುದು. ಪಟ್ಟಿಯ ಜೊತೆಗೆ ಓದುಗರ ವಿಳಾಸ, ಫೋನ್ ಸಂಖ್ಯೆಗಳಿವೆ. ನಮ್ಮ ಅಕ್ಕತಂಗಿಯರವೂ ಇವೆ. ಈಗ ಎಲ್ಲವೂ ಒಂದು ಆಕ್ಸೆಸ್ ಕಡತದಲ್ಲಿದೆ. ೨೦೦೭ರಿಂದ ಬಂದ ಅದರ ಹೊಸ ರೂಪದಲ್ಲಿ ಇಡೀ ಕಡತಕ್ಕೆ ಒಂದೇ ಗುಪ್ತಪದ. ಜನಕ್ಕೊಂದು ಹೆಸರಿಡುವ ಹಳೆಯ ಸೌಕರ್ಯವನ್ನು ತೆಗೆದುಹಾಕಿದ್ದಾರೆ. ಹೀಗಾಗಿ ಕೋಹಾ ಎಂಬ ಗ್ರಂಥಾಲಯದ ತಂತ್ರಾಂಶಕ್ಕೆ ಬದಲಾಯಿಸಬೇಕೆಂದು ಸಮಿತಿಗೆ ನಮ್ಮ ವಿನಂತಿ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯದವರಿಗಾಗಿ ಮಾಡಿ, ೨೦೦೦ದ ಜನವರಿಯಲ್ಲಿ ಬಳಕೆಗೆ ತಂದದ್ದು. ಅಲ್ಲಿಯ ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ, ಹೆಸರಿಗೆ ತಕ್ಕಂತೆ ಅದಕ್ಕೆ ಬೆಲೆಯೂ ಇಲ್ಲ. ಅದರಲ್ಲಿ ಒಬ್ಬೊಬ್ಬ ಸ್ವಯಂಸೇವಕನಿಗೂ ಅವನ ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಕೊಡಬಹುದು. ಪುಸ್ತಕ ಕೊಡುವವನು ಕೊಡಲಿ. ವಿಳಾಸ ತಿದ್ದುವವರು ಇಬ್ಬರಿರಲಿ. ಮುಖ್ಯ ಗುಪ್ತಪದವನ್ನು ಲಕೋಟೆಯಲ್ಲಿ ಅರಗಿನ ಮುದ್ರೆ ಹಾಕಿ ಖಜಾಂಚಿಗಳ ಕಪಾಟಿನಲ್ಲಿ ಇಡೋಣ. ಒಡೆದವರು ದಿನಾಂಕ ಬರೆದು ಸಹಿ ಹಾಕಲಿ. ಸೇವೆ ಬಿಟ್ಟು ಊರಿಗೆ ಹೋದವರ ಹೆಸರನ್ನು ಅದೇ ದಿನ ಮುಚ್ಚೋಣ. ಯಂತ್ರಕ್ಕೆ ಅಂಟಿಸಿದ ಚೀಟಿಯನ್ನು ನಾವು ಇಂದು ಬರುವಾಗಲೇ ಕಿತ್ತು ತಂದಿದ್ದೇವೆ. ಹೊಸ ಗುಪ್ತಪದ ಬೇಕಾದ ಸ್ವಯಂಸೇವಕರು ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಕಾಣಬೇಕು.